ಕಮಾಂಡೊಗಳು ತಡವಾಗಿ ಬಂದದ್ದೇಕೆ?

ಪ್ರಶ್ನೆ: 2008ರಲ್ಲಿ ಮುಂಬೈ ಮೇಲೆ ದಾಳಿಯಾದಾಗ ಎನ್‌ಎಸ್‌ಜಿ ಕಮಾಂಡೊಗಳು ಬರುವಷ್ಟರಲ್ಲಿ ಬೆಳಗಾಗಿತ್ತಂತೆ. ಯಾಕೆ? ಈಗಲೂ ಹಾಗೆಯೇ?

ನವೆಂಬರ್ 26ರ ರಾತ್ರಿ ಸಮುದ್ರದಿಂದ ಬಂದ 10 ಉಗ್ರರು ಗುಂಡು ಹಾರಿಸತೊಡಗಿದಾಗ ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ಪಡೆ) ಇದ್ದದ್ದು ದೂರದ ಹರಿಯಾಣದ ಮಾನೇಸರ್‌ನಲ್ಲಿ. ಊರಿಗೆಲ್ಲ ಒಂದೇ ಅಗ್ನಿಶಾಮಕ ಠಾಣೆ, ಅದೂ ಊರಾಚೆ ಇದ್ದ ಹಾಗೆ. ರಾಜ್ಯ ಕೇಳಬೇಕು, ಕೇಂದ್ರ ಒಪ್ಪಬೇಕು, ವಿಮಾನ ಚಂಡೀಗಢದಿಂದ ದೆಹಲಿಗೆ ಬರಬೇಕು, ಮುಂಬೈಯಲ್ಲಿಳಿದು ಬಸ್ಸು ಹತ್ತಬೇಕು.

ಆ ರಾತ್ರಿಯ ಭಾರ ಹೊತ್ತವರು ಮುಂಬೈ ಪೊಲೀಸರು. ಅವರಲ್ಲೊಬ್ಬರಾದ ತುಕಾರಾಂ ಓಂಬ್ಳೆ ಬರಿಗೈಯಲ್ಲೇ ಉಗ್ರ ಕಸಬ್‌ನ ಬಂದೂಕಿನ ನಳಿಗೆ ಹಿಡಿದರು, ಗುಂಡು ಹೊಕ್ಕರೂ ಬಿಡಲಿಲ್ಲ. ಅವನು ಜೀವಂತ ಸಿಕ್ಕಿದ್ದು ಅದರಿಂದಲೇ. ಆಮೇಲೆ ತಾಜ್ ಹೋಟೆಲಿನೊಳಗೆ ಎನ್‌ಎಸ್‌ಜಿಯ, ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಪ್ರಾಣ ಕೊಟ್ಟರು.

ಈಗ ಹಾಗಿಲ್ಲ. 2009ರಲ್ಲೇ ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್‌ಗಳಲ್ಲಿ ಎನ್‌ಎಸ್‌ಜಿ ನೆಲೆಗಳಾದವು. ಇಂಥ ಪ್ರಕರಣಗಳ ತನಿಖೆಗೆಂದೇ ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ಕೂಡ ಹುಟ್ಟಿತು.