ಯಜಮಾನಿಕೆ ಒಡೆತನವಲ್ಲ

ಮೂಡುಬಿದಿರೆ ಪಕ್ಕದ ಪುತ್ತಿಗೆ ಒಂದು ಕಾಲದಲ್ಲಿ ಚೌಟ ಅರಸರ ನೆಲೆ. ಜೈನರಾಗಿದ್ದ ಈ ಅರಸು ಮನೆತನ ತಾಯಿಯ ಕಡೆಯಿಂದ ಹಕ್ಕು ಸಾಗುವ ಅಳಿಯಕಟ್ಟು ಪಾಲಿಸುತ್ತಿತ್ತು. ಇದೇ ಮನೆತನದ ರಾಣಿ ಅಬ್ಬಕ್ಕನಿಗೆ ಉಳ್ಳಾಲದ ಪಟ್ಟ ಬಂದದ್ದೂ ಸೋದರಮಾವ ತಿರುಮಲರಾಯನಿಂದ.

ಅರಮನೆಯಿಂದ ಬೇಸಾಯದ ಮನೆಯವರೆಗೆ ಅಳಿಯಕಟ್ಟಿನ ತಿರುಳು ಒಂದೇ. ಆಸ್ತಿ ತಾಯಿಯ ಸಂತಾನದ್ದು, ಯಜಮಾನ ಅದನ್ನು ನೋಡಿಕೊಳ್ಳುವವನು. ಗೇಣಿ ವಸೂಲಿ, ಲೆಕ್ಕಪತ್ರ, ವ್ಯಾಜ್ಯ ಎಲ್ಲವೂ ಅವನ ಕೈಯಲ್ಲೇ. ಆದರೆ ಕುಟುಂಬದ ಗದ್ದೆಯನ್ನು ಅಡವಿಟ್ಟು ತನ್ನ ಸ್ವಂತ ಹೆಂಡತಿ ಮಕ್ಕಳಿಗೆ ಮನೆ ಕಟ್ಟಿಸುವ ಹಕ್ಕು ಅವನಿಗಿರಲಿಲ್ಲ. ಹಾಗೆ ಮಾಡಿದರೆ ಕುಟುಂಬಸ್ಥರು ಕೋರ್ಟಿಗೆ ಹೋಗಿ ಆ ಪತ್ರವನ್ನು ಪ್ರಶ್ನಿಸಬಹುದಿತ್ತು. ಅವರು ಸುಮ್ಮನಿದ್ದರೆ ಪತ್ರ ಉಳಿಯುತ್ತಿತ್ತು, ಗದ್ದೆ ಹೋಗುತ್ತಿತ್ತು.

ಇಂದಿನ ಕಂಪನಿ ಕಾನೂನಿನ ಒಂದು ಮುಖ್ಯ ತತ್ವ ತುಳುನಾಡಿನ ಈ ಹಳೆಯ ತಿಳಿವಳಿಕೆಗೆ ತೀರ ಹತ್ತಿರದ್ದು. ಕಂಪನಿಯ ಆಸ್ತಿ ಕಂಪನಿಯದು. ನಿರ್ದೇಶಕರು ಅದರ ಯಜಮಾನರು, ಒಡೆಯರಲ್ಲ.

ಒಂದು ಉದಾಹರಣೆ ನೋಡೋಣ. ಗೇರುಬೀಜ ಕಾರ್ಖಾನೆ ನಡೆಸುವ ಕಂಪನಿಯೊಂದಿದೆ. ಅದರ ನಿರ್ದೇಶಕರೊಬ್ಬರು ತಮ್ಮ ಗುಡ್ಡದ ಜಾಗವನ್ನು ಕಂಪನಿಗೆ ಬರೆದುಕೊಟ್ಟು, ಬದಲಿಗೆ ಪೇಟೆಯಲ್ಲಿರುವ ಕಂಪನಿಯ ಕಟ್ಟಡವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ. ಹಣದ ವಹಿವಾಟೇ ಇಲ್ಲದ ಕಾರಣ ಬ್ಯಾಂಕ್ ಪುಸ್ತಕದಲ್ಲಿ ಇದರ ಸುಳಿವು ಸಿಗುವುದಿಲ್ಲ. 2013ರ ಕಂಪನಿ ಕಾಯ್ದೆಯ 192ನೇ ಕಲಂ ಇರುವುದು ಇಂಥ ವಿನಿಮಯಕ್ಕಾಗಿಯೇ. ಮೊದಲು ಷೇರುದಾರರ ಸಭೆ ಒಪ್ಪಬೇಕು. ಕೊಡುವ ಆಸ್ತಿಗೆಷ್ಟು ಬೆಲೆ, ಪಡೆಯುವುದಕ್ಕೆಷ್ಟು ಎಂಬುದನ್ನು ನೋಂದಾಯಿತ ಮೌಲ್ಯಮಾಪಕರು ಲೆಕ್ಕ ಹಾಕಿರಬೇಕು, ಆ ಲೆಕ್ಕ ಸಭೆಯ ನೋಟಿಸಿನಲ್ಲಿರಬೇಕು. ಇದನ್ನೆಲ್ಲ ಬಿಟ್ಟು ಮಾಡಿದ ವ್ಯವಹಾರವನ್ನು ಕಂಪನಿ ಬಯಸಿದರೆ ಅಸಿಂಧುಗೊಳಿಸಬಹುದು.

ಬಯಸಿದರೆ ಎಂಬ ಮಾತನ್ನು ಗಮನಿಸಬೇಕು. ಅಸಿಂಧು ಎಂದರೆ ಹುಟ್ಟುವಾಗಲೇ ಸತ್ತ ವ್ಯವಹಾರ. ಅಸಿಂಧುಗೊಳಿಸಬಹುದಾದ ವ್ಯವಹಾರ ಹಾಗಲ್ಲ. ಬೇಡವೆಂದು ಕಂಪನಿ ಹೇಳುವವರೆಗೆ ಅದಕ್ಕೆ ಜೀವವಿರುತ್ತದೆ. ತಡವಾದಷ್ಟೂ ಅದನ್ನು ಕೀಳುವುದು ಕಷ್ಟ. ಏನೂ ಅರಿಯದ ಮೂರನೆಯವರು ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಆ ಕಟ್ಟಡವನ್ನು ಕೊಂಡಿದ್ದರೆ ಕಾನೂನು ಅವರ ಹಕ್ಕನ್ನು ಕಾಯುತ್ತದೆ. ಆಸ್ತಿಯನ್ನು ಮರಳಿ ಪಡೆಯುವುದು ಸಾಧ್ಯವೇ ಇಲ್ಲದೆ, ಕಂಪನಿಗಾದ ನಷ್ಟವನ್ನು ಬೇರೆಯವರು ತುಂಬಿಕೊಟ್ಟಿದ್ದರೂ ರದ್ದತಿಯ ದಾರಿ ಮುಚ್ಚುತ್ತದೆ.

ನಿರ್ದೇಶಕರು ತಮ್ಮದೇ ಕಂಪನಿಯೊಡನೆ ವ್ಯವಹರಿಸಲೇಬಾರದು ಎಂದು ಕಾನೂನು ಹೇಳುವುದಿಲ್ಲ. ಅವರ ಅಂಗಡಿಯ ಮಾಲೇ ಅಗ್ಗವಾಗಿ, ಒಳ್ಳೆಯದಾಗಿ ಇರಬಹುದು. ಆದರೆ ತನ್ನ ಹಿತ ಎಲ್ಲಿದೆ ಎಂಬುದನ್ನು ಆಡಳಿತ ಮಂಡಳಿಗೆ ತಿಳಿಸಲೇಬೇಕು ಎನ್ನುತ್ತದೆ 184ನೇ ಕಲಂ. ಸಂಬಂಧಿಕರೊಡನೆ, ಅವರ ಸಂಸ್ಥೆಗಳೊಡನೆ ಮಾಡುವ ಒಪ್ಪಂದಗಳಿಗೆ 188ನೇ ಕಲಂ ಇದೆ. ಬೇಕಾದ ಒಪ್ಪಿಗೆ ಇಲ್ಲದೆ ಒಪ್ಪಂದ ಮಾಡಿ, ಮೂರು ತಿಂಗಳೊಳಗೆ ಅನುಮೋದನೆಯನ್ನೂ ಪಡೆಯದಿದ್ದರೆ ಅದನ್ನು ರದ್ದುಪಡಿಸಬಹುದು. 1854ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅಬರ್ಡೀನ್ ರೈಲ್ವೆ ಕಂಪನಿಯ ಮೊಕದ್ದಮೆಯಲ್ಲಿ ಇದೇ ತತ್ವವನ್ನು ಎತ್ತಿಹಿಡಿಯಿತು. ರೈಲ್ವೆಗೆ ಕಬ್ಬಿಣದ ಸಾಮಾನು ಒದಗಿಸುವ ಸಂಸ್ಥೆಯಲ್ಲಿ ರೈಲ್ವೆಯ ನಿರ್ದೇಶಕನೇ ಪಾಲುದಾರನಾಗಿದ್ದ. ಬೆಲೆ ನ್ಯಾಯವಾಗಿತ್ತೇ ಎಂದು ವಿಚಾರಿಸುವ ಅಗತ್ಯವೂ ಇಲ್ಲ, ಒಪ್ಪಂದ ಕಂಪನಿಯನ್ನು ಕಟ್ಟಿಹಾಕಲಾರದು ಎಂಬುದು ಆ ತೀರ್ಪಿನ ಸಾರ.

ನಮ್ಮಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಬಂಟ್ವಾಳ ಮೂಲದ ಮಲ್ಯ ಕುಟುಂಬದ ಹೆಸರಿನೊಡನೆ ಬೆಸೆದಿದ್ದ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯಲ್ಲಿ. 2014ರ ನವೆಂಬರ್ 28ರಂದು ಕಂಪನಿಯ ವಿಶೇಷ ಸಾಮಾನ್ಯ ಸಭೆಯ ಮುಂದೆ 12 ನಿರ್ಣಯಗಳು ಬಂದವು. ಆಗ ಅಧ್ಯಕ್ಷರಾಗಿದ್ದ ವಿಜಯ್ ಮಲ್ಯ ಅವರಿಗೆ ಸಂಬಂಧಪಟ್ಟ ಸಂಸ್ಥೆಗಳೊಡನೆ ಮಾಡಿಕೊಂಡಿದ್ದ ಸಾಲ, ಪ್ರಾಯೋಜಕತ್ವ, ಜಾಹೀರಾತು, ವಿಮಾನ ಸೇವೆಯಂಥ ಒಪ್ಪಂದಗಳಿಗೆ ಒಪ್ಪಿಗೆ ಕೋರಿದ ನಿರ್ಣಯಗಳು ಅವು. ಅವುಗಳಲ್ಲಿ ಒಂಬತ್ತನ್ನು ಷೇರುದಾರರು ತಿರಸ್ಕರಿಸಿದರು. ಸಂಬಂಧಪಟ್ಟ ವ್ಯವಹಾರಕ್ಕೆ ಸಂಬಂಧಪಟ್ಟವರೇ ಮತ ಹಾಕುವಂತಿಲ್ಲ ಎಂಬ ಹೊಸ ಬಿಗಿ ಅದೇ ವರ್ಷ ಬಂದಿತ್ತು. 2016ರ ಫೆಬ್ರವರಿಯಲ್ಲಿ ಮಲ್ಯ ಅಧ್ಯಕ್ಷಗಿರಿ ಬಿಟ್ಟರು. ಕಂಪನಿಯ ಹಣ ಬೇರೆಡೆಗೆ ಹರಿದಿದೆ ಎಂಬ ಆರೋಪವನ್ನು ಅವರು ಅಲ್ಲಗಳೆದಿದ್ದಾರೆ. ಅದೇನೇ ಇರಲಿ, ಅಧ್ಯಕ್ಷರ ಕುರ್ಚಿಯಲ್ಲಿದ್ದವರಿಗೆ ಷೇರುದಾರರು ಬೇಡ ಎನ್ನಬಹುದು ಎಂಬುದು ಅಂದು ಸಾಬೀತಾಯಿತು.

ಕೇಳುವುದು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಚಿಕ್ಕಮಗಳೂರಿನ ನೋವಿನ ಕಥೆಯಿದೆ. ಕಾಫಿ ಡೇ ಸಮೂಹದ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಸಂಸ್ಥಾಪಕರ ಕುಟುಂಬದ ಒಡೆತನದ ಕಾಫಿ ತೋಟದ ಕಂಪನಿಗೆ ಹೋಗಿದೆ ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಸಂಸ್ಥಾಪಕರು ತೀರಿಕೊಂಡು ಮೂರು ವರ್ಷ ಮೀರಿತ್ತು.

ದಕ್ಷಿಣ ಕನ್ನಡ, ಉಡುಪಿ ಬ್ಯಾಂಕುಗಳ ತವರು. ಅಜ್ಜನ ಕಾಲದ ಷೇರು ಪತ್ರ ಕಪಾಟಿನಲ್ಲಿರುವ ಮನೆಗಳು ಇಲ್ಲಿ ಹಲವು. ಆ ಮನೆಗಳಿಗೆ ವರ್ಷಕ್ಕೊಮ್ಮೆ ಸಭೆಯ ನೋಟಿಸು ಬರುತ್ತದೆ, ಓದದೆಯೇ ರದ್ದಿಗೆ ಹೋಗುತ್ತದೆ. ವಿಶೇಷ ವಿಷಯವಿದ್ದರೆ ಅದರಲ್ಲಿ ನಿರ್ದೇಶಕರ ಹಿತ ಏನು ಎಂಬುದನ್ನು ಬರೆದಿರಲೇಬೇಕು. ಪಟ್ಟಿಯಾದ ಕಂಪನಿಯಾದರೆ ಮನೆಯಲ್ಲೇ ಕುಳಿತು ಮೊಬೈಲಿನಿಂದ ಮತ ಹಾಕಬಹುದು.

ಕುಟುಂಬದ ಗದ್ದೆ ಉಳಿದದ್ದು ಯಜಮಾನನನ್ನು ಎದುರು ನಿಂತು ಕೇಳುವವರು ಇದ್ದಾಗ. ಮುಂದಿನ ನೋಟಿಸು ಬಂದಾಗ ಲಕೋಟೆ ಒಡೆದು ಓದಿ. ಒಪ್ಪಿಗೆಯಾಗದಿದ್ದರೆ ಬೇಡ ಎಂದು ಮತ ಹಾಕಿ. ರದ್ದು ಮಾಡುವ ಹಕ್ಕು ಕೊಟ್ಟಿರುವ ಕಾನೂನು, ಅದನ್ನು ಚಲಾಯಿಸುವ ಕೆಲಸವನ್ನು ನಮಗೇ ಬಿಟ್ಟಿದೆ.