ಕತ್ತೆಯ ಗೊರಸು: ನೋಡುವ ಕ್ರಮ, ಕಾಪಾಡುವ ಬಗೆ

ಬಟ್ಟೆಯ ಮೂಟೆ, ಇಟ್ಟಿಗೆ, ಮಣ್ಣು ಹೊರುವ ಕತ್ತೆಯ ದುಡಿಮೆಯೆಲ್ಲ ಅದರ ನಾಲ್ಕು ಗೊರಸುಗಳ ಮೇಲೆ ನಿಂತಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರ ಗಣತಿಯಲ್ಲಿ ಅವು ಸುಮಾರು 1.2 ಲಕ್ಷಕ್ಕೆ ಇಳಿದವು. ಇರುವ ಪ್ರಾಣಿ ಕುಂಟಾದರೆ ಬದಲಿ ದೊರೆಯುವುದು ಸುಲಭವಲ್ಲ. ಕತ್ತೆ ತನ್ನ ನೋವನ್ನು ಬೇಗ ತೋರಗೊಡುವುದಿಲ್ಲ. ಅದು ಕುಂಟುವ ಹೊತ್ತಿಗೆ ರೋಗ ಬಲಿತಿರುತ್ತದೆ. ಆದ್ದರಿಂದ ಕುಂಟುವ ಮೊದಲೇ ಗೊರಸನ್ನು ನೋಡುವ ರೂಢಿ ಬೆಳೆಸಿಕೊಳ್ಳಬೇಕು.

ಕುದುರೆಯ ಅಳತೆ ಸಲ್ಲದು

ಕತ್ತೆಯ ಮೂಲ ಆಫ್ರಿಕದ ಒಣ ಕಲ್ಲುನೆಲ. ಅದರ ಗೊರಸು ಕುದುರೆಯದಕ್ಕಿಂತ ಕಿರಿದು. ಸುಮಾರು 5ರಿಂದ 10 ಡಿಗ್ರಿಯಷ್ಟು ಹೆಚ್ಚು ನೆಟ್ಟಗಿರುತ್ತದೆ. ಇದು ದೋಷವಲ್ಲ. ಕುದುರೆಯ ಗೊರಸಿನಂತೆ ಓರೆ ಮಾಡಲು ಹಿಮ್ಮಡಿಯನ್ನು ಹೆಚ್ಚು ಸವರಿದರೆ ಸ್ನಾಯುರಜ್ಜುಗಳ ಮೇಲೆ ಭಾರ ಬೀಳುತ್ತದೆ. ಕತ್ತೆಯ ಗೊರಸು ನೀರನ್ನು ಹೆಚ್ಚು ಹೀರುತ್ತದೆ. ಮಳೆಗಾಲದ ಕೆಸರಿನಲ್ಲಿ ಅದು ಮೆತ್ತಗಾಗಿ ಕೊಳೆಯಲು ಇದೇ ಕಾರಣ.

ನಿಲ್ಲಿಸಿ ನೋಡುವುದು

ಕತ್ತೆಯನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ನಿಲ್ಲಿಸಿ ಪಕ್ಕದಿಂದ ನೋಡಿರಿ. ಗೊರಸಿನ ಮುಂಭಾಗದ ಇಳಿಜಾರು ಮತ್ತು ಅದರ ಮೇಲಿನ ಗಿಣ್ಣಿನ ಇಳಿಜಾರು ಒಂದೇ ಗೆರೆಯಲ್ಲಿರಬೇಕು. ಗೆರೆ ನಡುವೆ ಮುರಿದಂತೆ ಕಂಡರೆ ಗೊರಸಿನ ತುದಿಯಾಗಲಿ ಹಿಮ್ಮಡಿಯಾಗಲಿ ಅತಿಯಾಗಿ ಬೆಳೆದಿರಬಹುದು. ಗೊರಸಿನ ಸುತ್ತಲಿನ ಬಳೆಗಳು ಮುಂದೆ ಒತ್ತಾಗಿ, ಹಿಮ್ಮಡಿಯ ಕಡೆ ಅಗಲವಾಗಿದ್ದರೆ ಹಿಂದೆ ಗೊರಸಿನೊಳಗೆ ಉರಿಯೂತವಾಗಿದ್ದಿರಬಹುದು. ಹೆಚ್ಚು ಹೊತ್ತು ಮಲಗುವುದು, ಪದೇ ಪದೇ ಕಾಲು ಬದಲಿಸುವುದು, ಮುಟ್ಟಿದರೆ ಗೊರಸು ಬಿಸಿಯಾಗಿರುವುದು ನೋವಿನ ಚಿಹ್ನೆಗಳು.

ಎತ್ತಿ ನೋಡುವುದು

ಕಾಲನ್ನು ಎತ್ತಿ, ಮೊಂಡು ಕೊಕ್ಕೆಯಿಂದ ಮಣ್ಣು, ಹರಳು ತೆಗೆಯಿರಿ. ಹಿಂಭಾಗದ ಮೆತ್ತನೆಯ ತ್ರಿಕೋನ ಭಾಗದಿಂದ ದುರ್ವಾಸನೆಯ ಕಪ್ಪು ಸ್ರಾವ ಬಂದರೆ ಅದು ಕೊಳೆರೋಗ. ಗೋಡೆಯೂ ಅಡಿಯೂ ಕೂಡುವ ಬಿಳಿಗೆರೆಯಲ್ಲಿ ಪುಡಿಯಾಗುವ ಪೊಳ್ಳು ಕಂಡರೆ ಅಲ್ಲಿ ಸೋಂಕು ಸೇರಿದೆಯೆಂದು ತಿಳಿಯಬೇಕು. ಸಡಿಲವಾದ ಭಾಗವನ್ನು ತಜ್ಞರಿಂದ ತೆಗೆಸಿ, ಗಾಳಿಯಾಡುವಂತೆ ಮಾಡಿ, ಒಣ ನೆಲದಲ್ಲಿ ಕಟ್ಟಬೇಕು.

ಒಮ್ಮೆಲೇ ಕಾಲೂರದಷ್ಟು ಕುಂಟಿದರೆ ಒಳಗೆ ಕೀವು ತುಂಬಿರಬಹುದು. ಪಶುವೈದ್ಯರಿಂದ ಅದನ್ನು ಹೊರಬಿಡಿಸಿ, ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿರಿ.

ಮೇವು ಮತ್ತು ಆರೈಕೆ

ಕತ್ತೆ ಅತಿಯಾಗಿ ಧಾನ್ಯ ತಿಂದರೆ ಇಲ್ಲವೆ ಮಿತಿಮೀರಿ ಕೊಬ್ಬಿದರೆ ಗೊರಸಿನೊಳಗೆ ಉರಿಯೂತವಾಗಬಹುದು. ಆಗ ಧಾನ್ಯ ನಿಲ್ಲಿಸಿ, ಮೆತ್ತನೆಯ ಹಾಸಿನ ಮೇಲೆ ಬಿಟ್ಟು, ವೈದ್ಯರನ್ನು ಕರೆಸಬೇಕು; ಬಲವಂತದಿಂದ ನಡೆಸಬಾರದು. ಆದರೆ ಪೂರ್ತಿ ಉಪವಾಸ ಕೆಡವಬೇಡಿರಿ. ಮೇವು ಬಿಟ್ಟ ಕತ್ತೆಯ ರಕ್ತದಲ್ಲಿ ಕೊಬ್ಬು ಏರಿ ಪ್ರಾಣಕ್ಕೇ ಅಪಾಯವಾಗಬಹುದು. ಒಣಹುಲ್ಲು, ನೀರು ಸದಾ ಇರಲಿ.

ದಿನಕ್ಕೊಮ್ಮೆ ಗೊರಸು ಶುಚಿಮಾಡಿ, 6ರಿಂದ 10 ವಾರಗಳಿಗೊಮ್ಮೆ ಬಲ್ಲವರಿಂದ ಸವರಿಸಿರಿ. ಕಲ್ಲುದಾರಿಯಲ್ಲಿ ದುಡಿಯುವ ಕತ್ತೆಯ ಗೊರಸು ತಾನೇ ಸವೆಯುವುದರಿಂದ ನೋಡಿಕೊಂಡು ಕತ್ತರಿಸಬೇಕು. ಈ ಆರೈಕೆಗೆ ತಗಲುವ ಸಮಯ ಅಲ್ಪ. ಕುಂಟಿದ ಕತ್ತೆಯಿಂದ ತಪ್ಪುವ ದುಡಿಮೆ ಬಹಳ.