1843ರಿಂದ ನಡೀತಿರೋ ಒಂದು ಪ್ರಯೋಗ

ರಸಗೊಬ್ಬರ ಇದ್ದಮೇಲೆ ತಿಪ್ಪೆಗೊಬ್ಬರ ಯಾಕೆ ಬೇಕು? ಎರಡು ಮೂರು ಬೆಳೆ ನೋಡಿ ಇದಕ್ಕೆ ಉತ್ತರ ಹೇಳಕ್ಕಾಗಲ್ಲ. ಮಣ್ಣು ಬದಲಾಗೋದು ಬಹಳ ನಿಧಾನ.

ಲಂಡನ್ನಿನ ಉತ್ತರಕ್ಕೆ ಹಾರ್ಪೆಂಡನ್ ಅನ್ನೋ ಊರಿದೆ. ಅಲ್ಲಿನ ರೋಥಮ್‌ಸ್ಟೆಡ್‌ನ ಬ್ರಾಡ್‌ಬಾಲ್ಕ್ ಹೊಲದಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ 1843ರಲ್ಲಿ ಗೋಧಿ ಬಿತ್ತಿ ಶುರುಮಾಡಿದ ಪ್ರಯೋಗ ಇವತ್ತಿಗೂ ನಡೀತಿದೆ.

ಒಂದು ತಾಕಿಗೆ ಪ್ರತಿ ವರ್ಷ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ. ಕೆಲವಕ್ಕೆ ಸಾರಜನಕ, ರಂಜಕ, ಪೊಟ್ಯಾಶ್. ಇನ್ನೊಂದಕ್ಕೆ ಏನೂ ಇಲ್ಲ. ಅಲ್ಲಿ ಸಿಗೋದು ಹೆಕ್ಟೇರಿಗೆ ಸುಮಾರು 1 ಟನ್ ಗೋಧಿ ಅಷ್ಟೇ.

ಇಳುವರಿಯಲ್ಲಿ ರಸಗೊಬ್ಬರ ಬಹಳ ಕಾಲ ಕೊಟ್ಟಿಗೆ ಗೊಬ್ಬರಕ್ಕೆ ಸರಿಸಮನಾಗಿ ನಿಂತಿತು. ಆದರೆ ಮಣ್ಣಿನ ಕಥೆಯೇ ಬೇರೆ. ಕೊಟ್ಟಿಗೆ ಗೊಬ್ಬರದ ತಾಕಿನಲ್ಲಿ ಸಾವಯವ ಇಂಗಾಲ ಎರಡು ಪಟ್ಟಿಗೂ ಹೆಚ್ಚಾಯಿತು. ಅಂಥ ಮಣ್ಣು ಸಡಿಲ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತೆ. ಹೊಸ ತಳಿಗಳು ಬಂದಮೇಲೆ ಅತಿ ಹೆಚ್ಚು ಇಳುವರಿ ಕೊಟ್ಟದ್ದು, ಕೊಟ್ಟಿಗೆ ಗೊಬ್ಬರದ ಜೊತೆ ಸಾರಜನಕವನ್ನೂ ಪಡೆದ ತಾಕು. ಹಾಗಂತ ಕೊಟ್ಟಿಗೆ ಗೊಬ್ಬರಕ್ಕೂ ದೋಷವಿಲ್ಲ ಅಂತಲ್ಲ. ಅತಿಯಾದರೆ ಅದರಿಂದಲೂ ನೈಟ್ರೇಟ್ ಬಸಿದು ಅಂತರ್ಜಲ ಸೇರುತ್ತೆ.

ಅಂದರೆ ಒಂದನ್ನು ಬಿಟ್ಟು ಒಂದಲ್ಲ, ಎರಡೂ ಹದವಾಗಿರಬೇಕು. ಊರಲ್ಲಿ ದನ ಕಡಿಮೆಯಾದರೆ ತಿಪ್ಪೆಯೂ ಸಣ್ಣದಾಗುತ್ತೆ. ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ ಮಳೆ-ಬೆಳೆ ಜೊತೆ ಇದನ್ನೂ ಕೇಳಿ: ಹೊಲಕ್ಕೆ ಕೊನೇ ಸಲ ಗೊಬ್ಬರ ಹೊಡೆಸಿದ್ದು ಯಾವಾಗ?